ಕೊನೆಯ ದೋಣಿ ಹೊರಟ ಮೇಲೆ: ಕಂಬರ್ಲೆಂಡ್ ದ್ವೀಪದಲ್ಲಿ ಎರಡು ರಾತ್ರಿ

ಅಮೆರಿಕದ ಜಾರ್ಜಿಯಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಫ್ಲಾರಿಡಾದ ಗಡಿಗೆ ಅಂಟಿಕೊಂಡಂತೆ, ಸೇಂಟ್ ಮೇರೀಸ್ ಎಂಬ ಪುಟ್ಟ ಊರಿದೆ. ಅಲ್ಲಿನ ನದಿದಂಡೆಯಲ್ಲಿ ದೋಣಿ ಹತ್ತಿ ಮುಕ್ಕಾಲು ಗಂಟೆ ಸಾಗಿದರೆ ಕಂಬರ್ಲೆಂಡ್ ದ್ವೀಪ ಸಿಗುತ್ತದೆ. 17.5 ಮೈಲಿ ಉದ್ದದ ಈ ದ್ವೀಪಕ್ಕೆ ಸೇತುವೆಯಿಲ್ಲ, ಒಳಗೆ ಅಂಗಡಿಯಿಲ್ಲ, ಕಸದ ತೊಟ್ಟಿಯೂ ಇಲ್ಲ. 1972ರಲ್ಲಿ ರಾಷ್ಟ್ರೀಯ ಕಡಲತೀರವೆಂದು ಘೋಷಣೆಯಾದ ಇದರ ಉತ್ತರ ಭಾಗದ ಸುಮಾರು 9,900 ಎಕರೆಯನ್ನು 1982ರಲ್ಲಿ ಸಂರಕ್ಷಿತ ವನ್ಯಪ್ರದೇಶವೆಂದು ಪ್ರತ್ಯೇಕವಾಗಿ ಗುರುತಿಸಲಾಯಿತು. ನಾನು ಮೂರು ವರ್ಷಗಳ ಹಿಂದೆ ಒಂದು ಹಗಲಿನ ಮಟ್ಟಿಗೆ ಇಲ್ಲಿಗೆ ಬಂದು, ಬಿಸಿಲಿನಲ್ಲಿ ಪಾಳುಬಂಗಲೆಯೊಂದನ್ನು ಸುತ್ತಿ, ಗಡಿಯಾರ ನೋಡುತ್ತಲೇ ಊಟ ಮುಗಿಸಿ, ‘ಇಷ್ಟೇನಾ’ ಎಂದುಕೊಂಡು ಹಿಂತಿರುಗಿದ್ದೆ. ಈ ಮಾರ್ಚ್ ಕೊನೆಯ ವಾರ ಹೆಂಡತಿ ಮತ್ತು ಹನ್ನೊಂದು ವರ್ಷದ ಮಗನೊಡನೆ ಎರಡು ರಾತ್ರಿ ಟೆಂಟು ಹಾಕಿ ಉಳಿದು ಬಂದ ಮೇಲೆ ಆ ಅಭಿಪ್ರಾಯವನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುತ್ತಿದ್ದೇನೆ. ಹಗಲಿನಲ್ಲಿ ಬಂದು ಹೋಗುವವರು ನೋಡುವ ದ್ವೀಪವೇ ಬೇರೆ, ಸಂಜೆಯ ಕೊನೆಯ ದೋಣಿ ಹೊರಟ ಮೇಲೆ ಉಳಿದವರಿಗೆ ಸಿಗುವ ದ್ವೀಪವೇ ಬೇರೆ. ಈ ವಿಮರ್ಶೆ ಎರಡನೆಯದರ ಬಗ್ಗೆ.

ಮೊದಲು ಕಾಯ್ದಿರಿಸುವ ವಿಚಾರ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಕ್ಯಾಂಪಿನ ಜಾಗ, ದೋಣಿಯ ಟಿಕೆಟ್ಟು ಮತ್ತು ದ್ವೀಪದ ಪ್ರವೇಶಶುಲ್ಕ ಮೂರೂ ಬೇರೆ ಬೇರೆ. ಕ್ಯಾಂಪಿನ ಜಾಗಗಳು ಸರ್ಕಾರಿ ಕಾಯ್ದಿರಿಸುವಿಕೆಯ ತಾಣದಲ್ಲಿ ಆರು ತಿಂಗಳು ಮುಂಚಿತವಾಗಿ ತೆರೆಯುತ್ತವೆ, ವಸಂತಕಾಲದ ವಾರಾಂತ್ಯಗಳಂತೂ ಬೇಗನೆ ಭರ್ತಿಯಾಗುತ್ತವೆ. ಜಾಗ ಸಿಕ್ಕಿತೆಂಬ ಸಂಭ್ರಮದಲ್ಲಿ ನಾನು ದೋಣಿಯ ಟಿಕೆಟ್ಟನ್ನು ಎರಡು ವಾರ ಮುಂದೂಡಿದೆ. ಅಷ್ಟರಲ್ಲಿ ಬೆಳಗಿನ ದೋಣಿ ತುಂಬಿ ಹೋಗಿ, ಹನ್ನೊಂದೂಮುಕ್ಕಾಲರ ದೋಣಿಗೆ ತೃಪ್ತಿಪಡಬೇಕಾಯಿತು. ಮೊದಲ ದಿನದ ಅರ್ಧ ಹೋದದ್ದು ನನ್ನದೇ ಉದಾಸೀನದಿಂದ. ಎರಡನ್ನೂ ಒಂದೇ ಕೂರುವಿಕೆಯಲ್ಲಿ ಮುಗಿಸಿಕೊಳ್ಳಿ. ದೋಣಿಯಲ್ಲಿ ಸಾಕುಪ್ರಾಣಿಗಾಗಲಿ, ಕಯಾಕ್ ಎಂಬ ಸಣ್ಣ ಹುಟ್ಟುದೋಣಿಗಾಗಲಿ ಅವಕಾಶವಿಲ್ಲ ಎಂಬುದನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ನಮ್ಮ ಮುಂದೆಯೇ ಒಂದು ಕುಟುಂಬ ನಾಯಿಯನ್ನು ಹಿಡಿದುಕೊಂಡು ದಂಡೆಯಲ್ಲಿ ಪೆಚ್ಚಾಗಿ ನಿಂತಿತ್ತು.

ದಿನಕ್ಕೆ ಸುಮಾರು 300 ಮಂದಿಯನ್ನು ಮಾತ್ರ ಬಿಡುವ ಮಿತಿ ಇಲ್ಲಿ ಬಹುಕಾಲದಿಂದ ನಡೆದುಬಂದಿದ್ದು, ಅದರ ಮೂಲ 1984ರ ನಿರ್ವಹಣಾ ಯೋಜನೆಯಲ್ಲಿದೆ. ಈ ಸಂಖ್ಯೆಯನ್ನು ಏರಿಸುವ ಪ್ರಸ್ತಾವವೂ ಇತ್ತೀಚಿನ ವರ್ಷಗಳಲ್ಲಿ ಬಂದು ಚರ್ಚೆಗೆ ಕಾರಣವಾಗಿದೆ. ಇಷ್ಟು ದೊಡ್ಡ ದ್ವೀಪಕ್ಕೆ ಮುನ್ನೂರು ಜನ ಎಂದರೆ ಜಿಪುಣತನವೆನ್ನಿಸಬಹುದು, ಆದರೆ ಕಡಲಂಚಿನಲ್ಲಿ ಒಂದು ಗಂಟೆ ನಡೆದರೂ ಎದುರಿಗೆ ಒಬ್ಬರೂ ಸಿಗದಿದ್ದಾಗ ಆ ಜಿಪುಣತನದ ಫಲವನ್ನು ಉಣ್ಣುತ್ತಿರುವವರು ನಾವೇ ಎಂದು ಅರಿವಾಗುತ್ತದೆ.

ದೋಣಿ ಎರಡು ಕಡೆ ನಿಲ್ಲುತ್ತದೆ: ದಕ್ಷಿಣದಲ್ಲಿ ಡಂಜನೆಸ್ ಜೆಟ್ಟಿ, ಅದರಿಂದ ಸ್ವಲ್ಪ ಉತ್ತರಕ್ಕೆ ಸೀ ಕ್ಯಾಂಪ್ ಜೆಟ್ಟಿ. ರಾತ್ರಿ ಉಳಿಯುವವರು ಎರಡನೆಯದರಲ್ಲಿ ಇಳಿದು, ರೇಂಜರ್ ಒಬ್ಬರು ಹೇಳುವ ಸೂಚನೆಗಳನ್ನು ಕೇಳಲೇಬೇಕು. ಇಂಥ ಭಾಷಣಗಳೆಂದರೆ ಆಕಳಿಕೆ ಬರುವ ನನಗೂ ಇಲ್ಲಿನ ಹದಿನೈದು ನಿಮಿಷ ಉಪಯುಕ್ತವೆನ್ನಿಸಿತು. ಉಣ್ಣಿಗಳನ್ನು ಎಲ್ಲಿ ಹುಡುಕಬೇಕು, ಕುದುರೆಗಳಿಂದ ಎಷ್ಟು ದೂರ ನಿಲ್ಲಬೇಕು, ಆಹಾರವನ್ನು ಎಲ್ಲಿ ಇಡಬೇಕು ಎಂದು ಆಕೆ ಒಂದೊಂದನ್ನೂ ತೋರಿಸಿಯೇ ಹೇಳಿದರು. ಮೂರನೆಯದನ್ನು ನಾನು ಅರ್ಧ ಕಿವಿಯಲ್ಲಿ ಕೇಳಿದ್ದರ ಪರಿಣಾಮವನ್ನು ಮುಂದೆ ಹೇಳುತ್ತೇನೆ. ಜೆಟ್ಟಿಯಿಂದ ಸೀ ಕ್ಯಾಂಪ್ ಎಂಬ ಟೆಂಟು ಹಾಕುವ ತಾಣಕ್ಕೆ ಅರ್ಧ ಮೈಲಿ. ಸಾಮಾನು ಸಾಗಿಸಲು ಎರಡು ಗಾಲಿಯ ಕೈಗಾಡಿಗಳನ್ನು ಇಟ್ಟಿದ್ದಾರೆ, ಮೊದಲು ಬಂದವರಿಗೆ ಮೊದಲು. ಮರಳು ಮಿಶ್ರಿತ ದಾರಿಯಲ್ಲಿ ತುಂಬಿದ ಕೈಗಾಡಿಯನ್ನು ಎಳೆಯುವುದು ಹೇಳುವಷ್ಟು ಸುಲಭವಲ್ಲ. ಭಾರವಾದ ಐಸ್ ಪೆಟ್ಟಿಗೆ ತಂದವರು ಹೆಜ್ಜೆಹೆಜ್ಜೆಗೂ ನಿಂತು ಉಸಿರು ಬಿಡುತ್ತಿದ್ದರು.

ಸೀ ಕ್ಯಾಂಪ್ ಬಗ್ಗೆ ನನಗೆ ದೂರುಗಳೇ ಇಲ್ಲ ಎಂದರೂ ನಡೆಯುತ್ತದೆ. ಕಡಲಿಗೂ ಕ್ಯಾಂಪಿಗೂ ನಡುವೆ ಮರಳದಿಬ್ಬಗಳ ಸಾಲು, ಅದರ ಹಿಂದೆ ಲೈವ್ ಓಕ್ ಮರಗಳ ಕಾಡು. ಉಪ್ಪುಗಾಳಿಗೆ ಬಗ್ಗಿ ಬೆಳೆದ ಈ ಓಕ್‌ಗಳ ಕೊಂಬೆಗಳು ಮೇಲಕ್ಕೆ ಹೋಗುವುದಕ್ಕಿಂತ ಹೆಚ್ಚಾಗಿ ಅಡ್ಡಡ್ಡ ಚಾಚಿಕೊಂಡು, ಕೆಲವು ನೆಲವನ್ನು ಮುಟ್ಟಿ ಮತ್ತೆ ಮೇಲೆದ್ದಿವೆ. ಅವುಗಳಿಂದ ಬೂದುಬಣ್ಣದ ಗಡ್ಡದಂತೆ ಇಳಿಬಿದ್ದಿರುವುದನ್ನು ಸ್ಪ್ಯಾನಿಷ್ ಮಾಸ್ ಎನ್ನುತ್ತಾರೆ. ಹೆಸರು ಹಾವಸೆಯದ್ದಾದರೂ ಗಿಡ ಅನಾನಸಿನ ಕುಟುಂಬಕ್ಕೆ ಸೇರಿದ್ದು, ಮರದ ರಸ ಹೀರದೆ ಗಾಳಿಯ ತೇವದಲ್ಲೇ ಬದುಕುತ್ತದೆ. ಕೆಳಗೆ ಎದೆಯೆತ್ತರಕ್ಕೆ ಒತ್ತಾಗಿ ಬೆಳೆದ ಸಾ ಪಾಲ್ಮೆಟೊ ಎಂಬ ಗಿಡ್ಡ ತಾಳೆಗಳು ಒಂದು ಟೆಂಟಿಗೂ ಇನ್ನೊಂದು ಟೆಂಟಿಗೂ ನಡುವೆ ಗೋಡೆ ಕಟ್ಟಿವೆ. ಪಕ್ಕದವರ ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ಪ್ರತಿ ಜಾಗಕ್ಕೂ ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಆಹಾರ ಇಡಲು ಜಾಲರಿಯ ಪಂಜರ. ಸಮೀಪದಲ್ಲೇ ಕುಡಿಯುವ ನೀರು, ಶೌಚಾಲಯ ಮತ್ತು ತಣ್ಣೀರಿನ ಶವರ್ ಇವೆ. ಬಿಸಿನೀರಿಲ್ಲವೆಂದು ಮುಖ ಸಿಂಡರಿಸಿದ ಮಗ, ಮರುದಿನ ಮಧ್ಯಾಹ್ನ ಏಳು ಮೈಲಿ ನಡೆದು ಬಂದಾಗ ತಾನೇ ಓಡಿ ಅದರ ಕೆಳಗೆ ನಿಂತ.

ನಮ್ಮ ತೊಂದರೆ ಶುರುವಾದದ್ದು ನಾವು ತಂದ ಟೆಂಟಿನಿಂದ. ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದ ಅದರ ಗೂಟಗಳು ಗೇಣುದ್ದವೂ ಇರಲಿಲ್ಲ. ಗಟ್ಟಿ ನೆಲಕ್ಕೆ ಸರಿ, ಎಲೆಗೊಬ್ಬರ ಬೆರೆತ ಈ ಸಡಿಲ ಮರಳಿನಲ್ಲಿ ಗಾಳಿ ಬೀಸಿದ ಕೂಡಲೇ ಒಂದೊಂದೇ ಕಿತ್ತು ಬಂದವು. ಕೊನೆಗೆ ಬಿದ್ದಿದ್ದ ಓಕ್ ಕಟ್ಟಿಗೆಯ ತುಂಡುಗಳಿಗೆ ಹಗ್ಗ ಸುತ್ತಿ, ಅವನ್ನು ಮೊಳದಾಳ ಹೂತು ನಿಲ್ಲಿಸಿದೆವು. ಮರಳಿನ ನೆಲಕ್ಕೆಂದೇ ಸಿಗುವ ಅಗಲವಾದ ಉದ್ದ ಗೂಟಗಳನ್ನು ಕೊಳ್ಳಿ, ಬಾಡಿಗೆ ಸಾಮಾನನ್ನು ಮನೆಯಲ್ಲೇ ಒಮ್ಮೆ ಬಿಚ್ಚಿ ನೋಡಿ.

ಇನ್ನು ರಕೂನ್. ಪಂಜರದೊಳಗೆ ಎಲ್ಲವನ್ನೂ ಇಟ್ಟು ಕೊಂಡಿ ಹಾಕಿದ ಮೇಲೂ ಮೇಜಿನ ಮೇಲೆ ಒಂದು ಕೋಡುಬಳೆ ಡಬ್ಬಿ ಉಳಿದಿತ್ತು. ಶೌಚಾಲಯಕ್ಕೆ ಹೋಗಿ ಬರುವ ಐದು ನಿಮಿಷದೊಳಗೆ ಏನಾದೀತು ಎಂಬ ಲೆಕ್ಕಾಚಾರ ನನ್ನದು. ಹಿಂತಿರುಗಿ ಟಾರ್ಚು ಬಿಟ್ಟಾಗ ಬೆಕ್ಕಿಗಿಂತ ತುಸು ದೊಡ್ಡದಾದ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಂತಿದ್ದ ಪ್ರಾಣಿಯೊಂದು ಬೆಂಚಿನ ಮೇಲೆ ಕುಳಿತು, ಎರಡು ಮುಂಗಾಲುಗಳ ನಡುವೆ ಡಬ್ಬಿಯನ್ನು ಹಿಡಿದು, ಮುಚ್ಚಳದ ಅಂಚಿನ ಸುತ್ತ ಬೆರಳಾಡಿಸುತ್ತಿತ್ತು. ಬೆಳಕಿಗೆ ಹೆದರಲಿಲ್ಲ. ಮುಚ್ಚಳ ಟಪ್ಪೆಂದು ತೆರೆದುಕೊಂಡಿತು, ಒಂದು ಕೋಡುಬಳೆ ಬಾಯಿಗೆ ಹೋಯಿತು, ಇನ್ನೊಂದನ್ನು ಕಚ್ಚಿಕೊಂಡೇ ಅದು ಪಾಲ್ಮೆಟೊ ಪೊದೆಯೊಳಕ್ಕೆ ಇಳಿದುಹೋಯಿತು. ಮಗನಿಗೆ ಇಡೀ ಪ್ರವಾಸದ ಅತ್ಯುತ್ತಮ ಕ್ಷಣ ಅದೇ. ನನಗೆ ಮಾತ್ರ ಅಪರಾಧಿ ಭಾವ, ಏಕೆಂದರೆ ಮನುಷ್ಯರ ತಿಂಡಿಯ ರುಚಿ ಹತ್ತಿದ ಪ್ರಾಣಿ ಮುಂದಿನ ಟೆಂಟಿನವರಿಗೆ ಕಾಟವಾಗುತ್ತದೆ. ಪಂಜರ ಇರುವುದು ನಮ್ಮ ತಿಂಡಿ ಉಳಿಸಲಷ್ಟೇ ಎಂದು ನಾನು ತಿಳಿದದ್ದೇ ತಪ್ಪಾಗಿತ್ತು.

ಸಂಜೆ ನಾಲ್ಕೂಮುಕ್ಕಾಲಿಗೆ ಕೊನೆಯ ದೋಣಿ ಹೊರಡುತ್ತದೆ. ಅದನ್ನು ತಪ್ಪಿಸಿಕೊಂಡ ಹಗಲಿನ ಪ್ರವಾಸಿ ಖಾಸಗಿ ದೋಣಿಯೊಂದನ್ನು ತನ್ನದೇ ಖರ್ಚಿನಲ್ಲಿ ಗೊತ್ತುಮಾಡಿಕೊಂಡು ಊರು ಸೇರಬೇಕು. ಹಾಗಾಗಿ ಮೂರೂವರೆಯಿಂದಲೇ ಜೆಟ್ಟಿಯ ಕಡೆಗೆ ಎಲ್ಲರ ಧಾವಂತ ಶುರುವಾಗುತ್ತದೆ. ಮೂರು ವರ್ಷಗಳ ಹಿಂದೆ ಆ ಧಾವಂತದಲ್ಲಿ ನಾನೂ ಇದ್ದೆ. ಈ ಸಲ ನಾವು ಮರದ ಹಾಸುದಾರಿಯಲ್ಲಿ ದಿಬ್ಬಗಳನ್ನು ದಾಟಿ ಎದುರು ದಿಕ್ಕಿಗೆ, ಅಟ್ಲಾಂಟಿಕ್‌ನ ಕಡೆಗೆ ನಡೆದೆವು. ಜಾರ್ಜಿಯಾದ ಈ ಕರಾವಳಿಯಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಎರಡು ಮೀಟರಿನಷ್ಟಿದ್ದು, ದಂಡೆಯ ಇಳಿಜಾರು ತೀರ ಕಡಿಮೆಯಾದ್ದರಿಂದ, ಇಳಿತದ ಹೊತ್ತಿನಲ್ಲಿ ಒದ್ದೆ ಮರಳು ಒಂದು ದೊಡ್ಡ ಬಯಲಿನಂತೆ ತೆರೆದುಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಒಂದು ಕಟ್ಟಡವಿಲ್ಲ, ಒಂದು ಛತ್ರಿಯಿಲ್ಲ. ಕತ್ತಲಾಗುತ್ತಿದ್ದಂತೆ ಮರಳಿನದೇ ಬಣ್ಣದ ಏಡಿಗಳು ಬಿಲದಿಂದ ಕಣ್ಣಷ್ಟನ್ನೇ ಹೊರಗಿಟ್ಟು ನೋಡಿ, ಅಡ್ಡಡ್ಡ ಓಡಿ, ನಿಂತು, ಮತ್ತೆ ಓಡಿದವು. ನಿಂತಾಗ ಅವು ಕಾಣುವುದೇ ಇಲ್ಲ. ಓಡಿದಾಗ ಮರಳಿನ ಒಂದು ಚೂರೇ ಕದಲಿದಂತೆ ಅನ್ನಿಸುತ್ತದೆ. ನಾವು ಮೂವರೂ ಒಂದೂವರೆ ಗಂಟೆ ಅದನ್ನೇ ನೋಡುತ್ತ ಕುಳಿತಿದ್ದೆವು ಎಂಬುದು ಗಡಿಯಾರ ನೋಡಿದಾಗ ಗೊತ್ತಾಯಿತು.

ಆಕಾಶದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ತಲೆಯ ಮೇಲೆ ನಕ್ಷತ್ರಗಳು ಧಾರಾಳವಾಗಿ ಕಂಡರೂ, ದಕ್ಷಿಣದ ದಿಗಂತದಲ್ಲಿ ಫರ್ನಾಂಡಿನಾ ಬೀಚ್ ಊರಿನ ಬೆಳಕು ಮಂಕಾಗಿ ಹರಡಿಕೊಂಡಿರುತ್ತದೆ. ಪಶ್ಚಿಮದಲ್ಲಿ ಕಾಲುವೆಯಾಚೆ ಕಿಂಗ್ಸ್ ಬೇ ನೌಕಾನೆಲೆಯಿದೆ, ಅಮೆರಿಕದ ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳ ತಾಣ. ಪೂರ್ತಿ ಕಗ್ಗತ್ತಲೆಯನ್ನು ಹುಡುಕಿ ಬರುವವರಿಗೆ ದ್ವೀಪದ ದಕ್ಷಿಣ ಭಾಗ ಸ್ವಲ್ಪ ನಿರಾಸೆ ಮಾಡೀತು.

ಎರಡನೆಯ ದಿನ ಬೆಳಿಗ್ಗೆ ಬೇಗ ಎದ್ದು, ಮೊದಲ ದೋಣಿ ಬರುವ ಮುನ್ನವೇ ಡಂಜನೆಸ್ ಪಾಳುಮಹಲಿಗೆ ಹೋದೆವು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ತಮ್ಮ ಥಾಮಸ್ ಕಾರ್ನೆಗಿ 1880ರ ದಶಕದಲ್ಲಿ ಕಟ್ಟಿಸತೊಡಗಿದ ಮಹಲು ಇದು. ಆತ 1886ರಲ್ಲೇ ತೀರಿಕೊಂಡ. ಹೆಂಡತಿ ಲೂಸಿ ಇದನ್ನು ವಿಸ್ತರಿಸಿ, ದ್ವೀಪದ ಬಹುಭಾಗವನ್ನು ಕೊಂಡು, ಮಕ್ಕಳಿಗೂ ಮನೆಗಳನ್ನು ಕಟ್ಟಿಸಿಕೊಟ್ಟಳು. 1959ರಲ್ಲಿ ಬೆಂಕಿ ಬಿದ್ದು ಮಹಲು ಸುಟ್ಟುಹೋಯಿತು. ಈಗ ಉಳಿದಿರುವುದು ಮಾಡಿಲ್ಲದ ಗೋಡೆಗಳು, ಚಿಮಣಿಗಳು, ಒಳಗೆ ಹೋಗಬೇಡಿರೆಂಬ ಹಾವಿನ ಎಚ್ಚರಿಕೆಯ ಫಲಕ. ಪಕ್ಕದಲ್ಲಿರುವ, ಇದಕ್ಕಿಂತ ಬಹಳ ಹಳೆಯದಾದ ಟ್ಯಾಬಿ ಮನೆ ನನಗೆ ಮಹಲಿಗಿಂತ ಹೆಚ್ಚು ಹಿಡಿಸಿತು. ಸಿಂಪಿಚಿಪ್ಪುಗಳನ್ನು ಸುಟ್ಟು ತೆಗೆದ ಸುಣ್ಣ, ಮರಳು, ನೀರು ಮತ್ತು ಇಡೀ ಚಿಪ್ಪುಗಳನ್ನೇ ಕಲಸಿ ಅಚ್ಚಿಗೆ ಹೊಯ್ದು ಕಟ್ಟುವ ಗಾರೆಗೆ ಟ್ಯಾಬಿ ಎಂದು ಹೆಸರು. ಗೋಡೆಯ ಬಳಿ ನಿಂತರೆ ಬಿಸಿಲು ಮಳೆಗೆ ಮೇಲ್ಪದರ ಸವೆದಲ್ಲೆಲ್ಲ ಚಿಪ್ಪಿನ ಅಂಚುಗಳು ಎದ್ದು ಕಾಣುತ್ತವೆ. ಚಿಪ್ಪಿನ ಸುಣ್ಣ ಕಂಡು ಬೆಳೆದ ಕರಾವಳಿಯವಳಾದ ನನ್ನ ಹೆಂಡತಿ ಅಲ್ಲಿಂದ ಕದಲಲು ಹತ್ತು ನಿಮಿಷ ತೆಗೆದುಕೊಂಡಳು.

ಮಹಲಿನ ಮುಂದಿನ ಹುಲ್ಲಿನಲ್ಲಿ ಕುದುರೆಗಳು ಮೇಯುತ್ತವೆ, ದ್ವೀಪದ ಬಗೆಗಿನ ಪ್ರತಿಯೊಂದು ಚಿತ್ರದಲ್ಲೂ ಇರುವುದು ಈ ಕುದುರೆಗಳೇ. ಇವನ್ನು ಕಾಡುಕುದುರೆ ಎನ್ನುವುದು ಬಳಕೆಯ ಮಾತು. ನಿಜವಾಗಿ ಇವು ಜನ ತಂದು ಬಿಟ್ಟ ಸಾಕುಕುದುರೆಗಳ ಸಂತತಿ. ನೂರಕ್ಕೂ ಹೆಚ್ಚಿರುವ ಈ ಹಿಂಡಿಗೆ ಮೇವು, ನೀರು, ಪಶುವೈದ್ಯ ಯಾವುದರ ವ್ಯವಸ್ಥೆಯೂ ಇಲ್ಲ. ದೂರದಿಂದ ನೋಡಿದಾಗ ಪಾಳುಗೋಡೆ, ಮಂಜು, ಕುದುರೆ ಸೇರಿ ಚಂದವೇ. ಹಾದಿಯ ಪಕ್ಕದಲ್ಲೇ ನಿಂತಿದ್ದ ಒಂದು ಹೆಣ್ಣುಕುದುರೆಯನ್ನು ಬೆಳಗಿನ ಬೆಳಕಿನಲ್ಲಿ ನೋಡಿದೆ: ಪಕ್ಕೆಲುಬುಗಳನ್ನು ಎಣಿಸಬಹುದಿತ್ತು, ಸೊಂಟದ ಮೂಳೆ ಚರ್ಮದಡಿ ಮೂಲೆಯಂತೆ ನಿಂತಿತ್ತು, ಕಣ್ಣಂಚಿನ ನೊಣಗಳನ್ನು ಓಡಿಸುವ ಗೋಜಿಗೂ ಅದು ಹೋಗಲಿಲ್ಲ. ಇವು ಜವುಗಿನ ಹುಲ್ಲನ್ನೂ ದಿಬ್ಬದ ಮರಳನ್ನು ಹಿಡಿದಿಡುವ ಗಿಡಗಳನ್ನೂ ಮೇಯುವುದರಿಂದ ದ್ವೀಪಕ್ಕೂ ಹಾನಿ, ಉಪ್ಪುಹುಲ್ಲು ತಿಂದು ಬದುಕುವ ಅವಕ್ಕೂ ಸುಖವಿಲ್ಲ. ಜನರಿಗೆ ಇವು ಅಚ್ಚುಮೆಚ್ಚಾದ್ದರಿಂದ ಹಿಂಡನ್ನು ತೆಗೆಯುವ ಮಾತೆತ್ತಿದರೆ ಗಲಾಟೆ, ಬಿಟ್ಟರೆ ಈ ಸ್ಥಿತಿ. ಇಡೀ ದ್ವೀಪದಲ್ಲಿ ನನಗೆ ಕಸಿವಿಸಿ ತಂದದ್ದು ಇದೊಂದೇ, ಮತ್ತು ಪ್ರಚಾರದ ಚಿತ್ರಗಳು ಮುಚ್ಚಿಡುವುದೂ ಇದೊಂದನ್ನೇ.

ಉತ್ತರಕ್ಕೆ ಹೋಗಬಯಸುವವರು ಕಾಲಿನ ಬಲವನ್ನು ಮೊದಲೇ ಅಳೆದುಕೊಳ್ಳಬೇಕು. ಸೀ ಕ್ಯಾಂಪ್ ಜೆಟ್ಟಿಯಿಂದ ಸ್ಟಾಫರ್ಡ್ ಬೀಚ್ ಕ್ಯಾಂಪಿಗೆ 3.5 ಮೈಲಿ; ಅದರಾಚೆ ವನ್ಯಪ್ರದೇಶದೊಳಗಿನ ಹಿಕರಿ ಹಿಲ್ 5.5, ಯಾಂಕೀ ಪ್ಯಾರಡೈಸ್ 7.4, ಬ್ರಿಕ್‌ಹಿಲ್ ಬ್ಲಫ್ 10.6 ಮೈಲಿ. ಈ ಮೂರರಲ್ಲಿ ಬೆಂಕಿ ಹಾಕುವಂತಿಲ್ಲ, ಸಣ್ಣ ಸ್ಟೋವ್ ಮಾತ್ರ. ನೀರನ್ನು ಶುದ್ಧೀಕರಿಸಿಯೇ ಕುಡಿಯಬೇಕು. ನಾವು ಸ್ಟಾಫರ್ಡ್‌ವರೆಗೆ ಮುಖ್ಯರಸ್ತೆಗೆ ಸಮಾನಾಂತರವಾಗಿ ಕಾಡಿನೊಳಗೆ ಸಾಗುವ ಹಾದಿಯಲ್ಲಿ ಹೋಗಿ, ಕಡಲಂಚಿನಲ್ಲಿ ಹಿಂತಿರುಗಿದೆವು. ಹಾದಿಯ ಬದಿಯಲ್ಲಿ ಮೈಮೇಲೆ ಗಟ್ಟಿ ಕವಚವಿರುವ ಆರ್ಮಡಿಲ್ಲೊಗಳು ಒಣಗಿದೆಲೆಯನ್ನು ಕೆದಕುತ್ತ, ನಮ್ಮ ಬೂಟಿನ ಹತ್ತಿರಕ್ಕೇ ಬಂದು, ಆಮೇಲೆ ಬೆಚ್ಚಿ ಜಿಗಿದು ಓಡುತ್ತಿದ್ದವು. ಅಷ್ಟು ಸಣ್ಣ ಪ್ರಾಣಿ ಕಾಡಿನಲ್ಲಿ ಎಬ್ಬಿಸುವ ಸದ್ದಿಗೆ ಕರಡಿಯೇ ಬಂತೆಂದು ಯಾರಾದರೂ ನಂಬಬೇಕು. ಮುಖ್ಯರಸ್ತೆಯಲ್ಲಿ ಒಮ್ಮೆ ಒಂದು ಪಿಕಪ್ ಟ್ರಕ್ಕು ಧೂಳೆಬ್ಬಿಸಿಕೊಂಡು ಹೋದಾಗ ಆಶ್ಚರ್ಯವಾಯಿತು. ಸರ್ಕಾರಕ್ಕೆ ಜಮೀನು ಬಿಟ್ಟುಕೊಡುವಾಗ ಹಕ್ಕು ಉಳಿಸಿಕೊಂಡ ಕುಟುಂಬಗಳು ಮತ್ತು ಖಾಸಗಿ ಒಡೆತನದ ಜಾಗಗಳು ಇಲ್ಲಿ ಇನ್ನೂ ಇವೆ; ಸಂರಕ್ಷಿತ ದ್ವೀಪವೆಂದರೆ ಖಾಲಿ ದ್ವೀಪ ಎಂಬ ಕಲ್ಪನೆಯಿಂದ ಬಂದವರು ಇದನ್ನು ಮೊದಲೇ ತಿಳಿದಿರಲಿ.

ಉತ್ತರ ತುದಿಯಲ್ಲಿ ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪುಜನ ಕಟ್ಟಿಕೊಂಡ ಸೆಟ್ಲ್‌ಮೆಂಟ್ ಎಂಬ ಹಳ್ಳಿಯಿತ್ತು. ಅವರು 1893ರಲ್ಲಿ ಸ್ಥಾಪಿಸಿದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚು, 1930ರ ದಶಕದಲ್ಲಿ ಮತ್ತೆ ಕಟ್ಟಿದ ರೂಪದಲ್ಲಿ, ಈಗಲೂ ನಿಂತಿದೆ. 1996ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯ ಮಗ ಜಾನ್ ಎಫ್. ಕೆನಡಿ ಜೂನಿಯರ್ ಗುಟ್ಟಾಗಿ ಮದುವೆಯಾದದ್ದು ಇಲ್ಲಿ ಎಂಬ ಕಾರಣಕ್ಕೆ ಅದು ಪ್ರಸಿದ್ಧಿ. ನಡೆದು ಹೋಗಿ ಬರುವುದು ಒಂದು ದಿನದ ಮಾತಲ್ಲವಾದ್ದರಿಂದ ವ್ಯಾನಿನ ಪ್ರವಾಸವೇ ದಾರಿ. ಅದನ್ನೂ ಮುಂಚಿತವಾಗಿ ಕಾಯ್ದಿರಿಸಬೇಕು. ನಾವು ಈ ಸಲ ಹೋಗಲಿಲ್ಲ.

ಮಗನಿಗೆ ಸಿಕ್ಕ ನಿಧಿಯ ಬಗ್ಗೆ ಹೇಳದಿದ್ದರೆ ಅವನು ಬಿಡುವುದಿಲ್ಲ. ಹಡಗಿನ ಕಾಲುವೆಯನ್ನು ಆಳಗೊಳಿಸುವಾಗ ತೆಗೆದ ಹೂಳು ದ್ವೀಪದ ಕೆಲವು ದಾರಿಗಳಿಗೂ ಪಶ್ಚಿಮದ ದಂಡೆಗೂ ಬಿದ್ದಿದೆ, ಅದರಲ್ಲಿ ಶಾರ್ಕ್‌ಗಳ ಪಳೆಯುಳಿಕೆ ಹಲ್ಲುಗಳು ಸಿಗುತ್ತವೆ. ಜೀವಿಯಿಲ್ಲದ ಖಾಲಿ ಚಿಪ್ಪು ಮತ್ತು ಶಾರ್ಕ್ ಹಲ್ಲು, ಇವೆರಡನ್ನು ಮನೆಗೆ ಒಯ್ಯಲು ಅನುಮತಿಯಿದೆ. ಎರಡು ಗಂಟೆ ಬಗ್ಗಿ ಹುಡುಕಿ ಬರೀ ಕಪ್ಪು ಕಲ್ಲುಗಳನ್ನು ಆರಿಸಿದ ನಂತರ, ಎಳ್ಳಿನ ಬಣ್ಣದ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಹಲ್ಲೊಂದು ಅವನಿಗೆ ಸಿಕ್ಕಿತು. ಅಂಚಿನ ಮೇಲೆ ಬೆರಳಾಡಿಸಿದರೆ ಈಗಲೂ ಗರಗಸದಂತೆ ತರಚುತ್ತದೆ.

ಆ ರಾತ್ರಿ ಒಂದು ಗಂಟೆ ಜೋರು ಮಳೆ ಬಂತು. ಹೂತಿಟ್ಟ ಕಟ್ಟಿಗೆಗಳು ಟೆಂಟನ್ನು ಹಿಡಿದು ನಿಲ್ಲಿಸಿದವು. ಬೆಳಿಗ್ಗೆ ಹೊರಗೆ ಬಂದಾಗ ಕಾಡಿನ ಬಣ್ಣವೇ ಬದಲಾಗಿತ್ತು. ಓಕ್ ಕೊಂಬೆಗಳ ಮೇಲೆ ಹಿಂದಿನ ದಿನ ಸುಟ್ಟ ಕಾಗದದಂತೆ ಮುದುರಿ ಕಂದಾಗಿದ್ದ ಜರೀಗಿಡ ರಾತ್ರೋರಾತ್ರಿ ಬಿಚ್ಚಿಕೊಂಡು, ಕೊಂಬೆಯುದ್ದಕ್ಕೂ ದಟ್ಟ ಹಸಿರು ಹೊದಿಸಿತ್ತು. ಇಂಗ್ಲಿಷಿನಲ್ಲಿ ಇದನ್ನು ಪುನರುತ್ಥಾನದ ಜರೀಗಿಡ ಎಂದೇ ಕರೆಯುತ್ತಾರೆ. ನೀರು ಬತ್ತಿದಾಗ ಸತ್ತಂತೆ ಸುರುಳಿ ಸುತ್ತಿಕೊಂಡು, ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಹಸಿರಾಗುತ್ತದೆ. ಹಗಲು ಬಂದು ಹೋಗುವವರಿಗೆ ಈ ಎರಡೂ ರೂಪಗಳು ಒಟ್ಟಿಗೆ ಸಿಗುವುದು ಅದೃಷ್ಟದ ಮಾತು. ಮಳೆಯ ಬೆನ್ನಿಗೇ ನುಸಿಗಳೂ ಬಂದವು. ಕಣ್ಣಿಗೆ ಕಾಣದಷ್ಟು ಸಣ್ಣವಾದ ಇವು ಗಾಳಿ ನಿಂತ ಹೊತ್ತಿನಲ್ಲಿ ಕಿವಿಯ ಹಿಂದೆ, ಕೂದಲ ಬುಡದಲ್ಲಿ ಕಚ್ಚುತ್ತವೆ. ಉದ್ದ ತೋಳಿನ ತೆಳು ಅಂಗಿ ಯಾವ ಮುಲಾಮಿಗಿಂತಲೂ ಮೇಲು. ಉಣ್ಣಿಗಳು ಒಟ್ಟು ಐದು ಸಿಕ್ಕವು, ಐದೂ ನನ್ನ ಕಾಲಿನಲ್ಲೇ.

ಮಾರ್ಚ್, ಏಪ್ರಿಲ್ ಮತ್ತು ನವೆಂಬರ್ ಟೆಂಟಿನಲ್ಲಿ ಉಳಿಯಲು ತಕ್ಕ ತಿಂಗಳುಗಳು ಎಂಬುದು ನನ್ನ ಎಣಿಕೆ. ಮೇ ತಿಂಗಳಿನಿಂದ ಲಾಗರ್‌ಹೆಡ್ ಕಡಲಾಮೆಗಳು ಈ ದಂಡೆಗೆ ಮೊಟ್ಟೆಯಿಡಲು ಬರುತ್ತವೆ, ಅದನ್ನು ನೋಡುವ ಆಸೆಗೆ ಸೆಕೆಯನ್ನೂ ಸೊಳ್ಳೆಯನ್ನೂ ಸಹಿಸಬಲ್ಲವರು ಬೇಸಿಗೆಯಲ್ಲಿ ಹೋಗಬಹುದು; ರಾತ್ರಿ ದಂಡೆಯ ಮೇಲೆ ಬಿಳಿಯ ಟಾರ್ಚು ಹಾಕದಿದ್ದರಾಯಿತು. ಒಂದು ರಾತ್ರಿ ಸಾಲದು, ಸಾಮಾನು ಇಳಿಸಿ ಏರಿಸುವುದರಲ್ಲೇ ಮುಗಿದುಹೋಗುತ್ತದೆ. ಎರಡು ರಾತ್ರಿ ಕನಿಷ್ಠ, ನಡೆಯಬಲ್ಲವರಿಗೆ ಮೂರು. ನಡೆದಾಟ ಕಷ್ಟವಿರುವ ಹಿರಿಯರನ್ನು ಕರೆದೊಯ್ಯುವುದಾದರೆ ಟೆಂಟಿನ ಯೋಚನೆ ಬಿಟ್ಟು ಹಗಲಿನ ವ್ಯಾನ್ ಪ್ರವಾಸವನ್ನೇ ಆರಿಸಿಕೊಳ್ಳಿ. ಐದು ಅಂಕಗಳಲ್ಲಿ ಸೀ ಕ್ಯಾಂಪಿಗೆ ನಾನು ನಾಲ್ಕೂವರೆ ಕೊಡುತ್ತೇನೆ. ಹಗಲಿನ ಮಟ್ಟಿಗಿನ ಭೇಟಿಗೆ ಮೂರರ ಮೇಲೆ ಕೊಡಲು ಮನಸ್ಸು ಬರುವುದಿಲ್ಲ.

ಹಿಂತಿರುಗುವ ದೋಣಿಯಲ್ಲಿ ಎರಡು ದಿನದ ಕಸದ ಚೀಲ ನನ್ನ ತೊಡೆಯ ಮೇಲಿತ್ತು. ತಂದದ್ದನ್ನೆಲ್ಲ ಹೊತ್ತೊಯ್ಯಬೇಕೆಂಬ ನಿಯಮವಿರುವುದರಿಂದ ದೋಣಿಯ ತುಂಬ ಇಂಥವೇ ಚೀಲಗಳು. ನಮ್ಮದರಲ್ಲಿ ಎಲ್ಲಕ್ಕಿಂತ ಮೇಲೆ, ಮುಚ್ಚಳದ ಸುತ್ತ ಸಣ್ಣ ಉಗುರುಗಳ ಗೀರು ಬಿದ್ದ ಕೋಡುಬಳೆ ಡಬ್ಬಿಯಿತ್ತು. ಅದನ್ನು ಎಸೆಯಬಾರದೆಂದು ಮಗ ಸೇಂಟ್ ಮೇರೀಸ್ ತಲುಪುವವರೆಗೂ ಹಟ ಹಿಡಿದ.